ತೆಗೀರಿ

ಸಮುದಾಯ ರೇಡಿಯೋದ ಲಿನಕ್ಸ್ ಕಂಪ್ಯೂಟರಿಗೆ ಚಿದಂಬರ ಬೆಳಿಗ್ಗೆಯಷ್ಟೇ ಹೊಸ ಡಿಸ್ಕ್ ಜೋಡಿಸಿ, ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ನಕಲು ಮಾಡಿ, ಕಂಪ್ಯೂಟರ್ ಇನ್ನು ಅದರಿಂದಲೇ ಏಳುವಂತೆ ಮಾಡಿದ್ದ. "ಹಳೇದರಲ್ಲಿ ಇರೋದನ್ನ ಆಮೇಲೆ ತೆಗೆದುಬಿಡೋಣ ಅಕ್ಕ" ಎಂದು ಹೇಳಿ ಬಸ್ಸು ಹತ್ತಿದ್ದ.

ಮಧ್ಯಾಹ್ನ ರೇಡಿಯೋ ನೋಡಿಕೊಳ್ಳುವ ಗಿರಿಜಕ್ಕನ ಫೋನು. ಕಂಪ್ಯೂಟರ್ ಏಳುತ್ತಲೇ ಇಲ್ಲ. ಕಪ್ಪು ತೆರೆಯ ಮೇಲೆ ರೂಟ್, ಅಂದರೆ ಎಲ್ಲಕ್ಕೂ ಮೂಲವಾದ ಫೋಲ್ಡರ್, ಸಿಗುತ್ತಿಲ್ಲ ಎಂಬ ಒಂದೇ ರಾಗ.

ಚಿದಂಬರ ಫೋನಿನಲ್ಲೇ ಹೇಳಿಕೊಟ್ಟು ಪೆನ್‌ಡ್ರೈವಿನಿಂದ ಅದನ್ನು ಎಬ್ಬಿಸಿದ. ಹೊಸ ಡಿಸ್ಕಿನ ವಿಳಾಸ ತಿದ್ದಿಸಿದ. ಮತ್ತೆ ತಿದ್ದಿಸಿದ. ಜಪ್ಪಯ್ಯ ಅಂದರೂ ಅದು ಏಳಲಿಲ್ಲ. ಆಗ ಅವನಿಗೆ ನೆನಪಾಯಿತು, ನಕಲಾಗುವಾಗ ಒಮ್ಮೆ ಕರೆಂಟು ಹೋಗಿತ್ತು. ಹೊಸದಕ್ಕೆ ಅರ್ಧವೂ ಬಂದಿರಲಿಕ್ಕಿಲ್ಲ. ಗಿರಿಜಕ್ಕನ ತೀರಿಹೋದ ತಾಯಿ ಹಾಡಿದ ಸೋಬಾನೆ ಪದಗಳು ಈ ಕಂಪ್ಯೂಟರ್ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ನಕಲು ಅರ್ಧಕ್ಕೇ ನಿಂತಿರಬಹುದೆಂದು ಆಕೆಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಅಕ್ಕ, ಪೆನ್‌ಡ್ರೈವ್ ಹಾಕೇ ಇರ್ಲಿ. ಹಳೇ ಡಿಸ್ಕಲ್ಲಿ ಅಮ್ಮನ ಫೋಲ್ಡರ್ ಇದೆಯಾ ನೋಡಿ."

"ಇದೆ."

ಹೋದ ಜೀವ ಬಂದಂತಾಯಿತು. "ಅದನ್ನ ತೆಗೀರಿ."

"ತೆಗೆದ್ರೆ ಏನೂ ಆಗಲ್ವಲ್ಲ?"

"ಏನೂ ಆಗಲ್ಲ, ಧೈರ್ಯವಾಗಿ ತೆಗೀರಿ."

"ಖಂಡಿತಾನಾ ಅಂತ ಕೇಳ್ತಿದೆ."

ಈ ಲಿನಕ್ಸಿಗೆ ಎಲ್ಲಕ್ಕೂ ಅಪ್ಪಣೆ ಬೇಕು ಎಂದು ಅವನು ಗೊಣಗಿಕೊಂಡ. "ಹೌದು ಅಂತ ಒತ್ತಿ."

"ಒತ್ತಿದೆ."

"ಈಗ ಒಳಗೆ ಏನೇನು ಕಾಣ್ತಿದೆ, ಓದಿ."

"ಕಾಣೋಕೆ ಇನ್ನೇನಿದೆ? ಬೆಳಿಗ್ಗೆ ನೀವು ಹೇಳಿದ ಹಾಗೇ, ಅಮ್ಮಂದೆಲ್ಲಾ ಪೂರ್ತಿ ತೆಗೆದುಬಿಟ್ಟೆ."