ಐದು ಗಂಟೆಯೊಳಗಿನ ಉತ್ತರ

ಹತ್ತನೆಯ ಸಲವೂ ಪರದೆ ಅದನ್ನೇ ಹೇಳಿತು: ಪಾಸ್‌ವರ್ಡ್ ತಪ್ಪು. ಬೀಗದವನು ಫೋನನ್ನು ಮೇಜಿನ ಮೇಲೆ ಕುಕ್ಕಿದ. ಅರದಿಂದ ಅರ್ಧ ಉಜ್ಜಿದ್ದ ಕೀಲಿಯೊಂದು ಎಗರಿ ನೆಲಕ್ಕೆ ಬಿತ್ತು.

ತಪ್ಪಂತೆ! ಮೂರು ವರ್ಷದಿಂದ ದಿನಾ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಮೊದಲ ಗಿರಾಕಿ ಬರುವ ಮುಂಚೆ ಇದೇ ಪಾಸ್‌ವರ್ಡ್ ಒತ್ತಿ ಮೇಲ್ ಓದುತ್ತ ಬಂದಿದ್ದ. ಬಂದ ಪತ್ರಕ್ಕೆ ಚುಟುಕಾಗಿ ಉತ್ತರ ಬರೆಯುವುದು, ಆಮೇಲೆ ಬಂದದ್ದನ್ನು ಅಳಿಸಿಬಿಡುವುದು. ಕಸ ಕೂಡಿಹಾಕುವ ಜಾಯಮಾನ ಅವನದಲ್ಲ. ಇವತ್ತು ಬೆಳಿಗ್ಗೆಯಿಂದ ಬಿಡುವಾದಾಗಲೆಲ್ಲ ಒತ್ತುತ್ತಿದ್ದಾನೆ, ಜಗ್ಗುತ್ತಿಲ್ಲ. ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಇರುತ್ತದೆಯೇ? ದೂರದ ಆಸ್ಪತ್ರೆಯೊಂದರ ಉಗ್ರಾಣದ ಕೆಲಸ. ಖಾಯಂ, ವಸತಿಯೂ ಉಂಟು. ಪತ್ರ ನಿನ್ನೆ ಬೆಳಿಗ್ಗೆಯೇ ಬಂದಿತ್ತು. ಒಪ್ಪಿಗೆಯೋ ಅಲ್ಲವೋ, ಇವತ್ತು ಸಂಜೆ ಐದರೊಳಗೆ ತಿಳಿಸಬೇಕು. ಅವನು ಓದಿ ಮುಗಿಸುವಷ್ಟರಲ್ಲಿ ಗಿರಾಕಿಯೊಬ್ಬ ಬೀಗ ಕಚ್ಚಿಕೊಂಡ ತಿಜೋರಿ ಹೊರಿಸಿಕೊಂಡು ಬಂದ. ಕೀಲಿಯೇ ಬೇಡದ ಬಾಗಿಲುಗಳು ಬಂದ ಮೇಲೆ ಅಂಗಡಿಗೆ ಬರುವವರೇ ಕಡಿಮೆ, ಬಂದವನನ್ನು ಬಿಡುವುದುಂಟೇ? ಉತ್ತರ ನಾಳೆಗಿರಲಿ ಎಂದುಕೊಂಡಿದ್ದ. ಈಗ ನೋಡಿದರೆ ಯಾರೋ ಒಳಗೆ ಹೊಕ್ಕು ಅಗುಳಿ ಹಾಕಿಕೊಂಡಿದ್ದಾರೆ. ಅವರು ತಮಗೆ ಬೇಕಾದ ಉತ್ತರ ಕಳಿಸಿಬಿಟ್ಟರೆ ಸಂಸಾರದ ಗತಿ ಏನು?

ಅನುಮಾನ ಒಬ್ಬನ ಮೇಲೇ. ಹೆಂಡತಿಯ ತಮ್ಮ, ಕಂಪ್ಯೂಟರ್ ರಿಪೇರಿಯವನು. ಭಾನುವಾರ ಮನೆಗೆ ಬಂದು ಎರಡು ಗಂಟೆ ಅಕ್ಕನ ಹತ್ತಿರ ಗುಸುಗುಸು ಮಾಡಿದ್ದ. ಬೀಗದವನು ಒಳಗೆ ಬಂದಾಗ ಇಬ್ಬರೂ ಬಾಯಿ ಮುಚ್ಚಿದ್ದರು.

ಅವನಿಗೆ ಫೋನ್ ಹಚ್ಚಿ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲೋ ಎಂದು ಶುರುಮಾಡಿದವನು ಬಾಯಿಗೆ ಬಂದಂತೆ ಬೈದ. ನಮ್ಮ ಮನೆಯ ಪತ್ರಕ್ಕೆ ಕೈಹಾಕಲು ನೀನ್ಯಾರು ಎಂದ. ಪೊಲೀಸರಿಗೆ ದೂರು ಕೊಡುತ್ತೇನೆ ಎಂದ. ಆ ಕಡೆಯವನು ಎಲ್ಲ ಕೇಳಿಸಿಕೊಂಡ.

"ಕೊಡಿ ಭಾವ. ಕದ್ದು ಓದಿದವರಿಗೆ ಶಿಕ್ಷೆ ಆಗಲೇಬೇಕು."

ಧಿಮಾಕು ನೋಡಿ! ಬೀಗದವನು ಫೋನನ್ನು ಜೇಬಿಗೆ ತುರುಕಿ, ಪಕ್ಕದ ಕಂಪ್ಯೂಟರ್ ಸೆಂಟರಿಗೆ ನುಗ್ಗಿದ. ಅಲ್ಲಿನ ಒಡತಿಯನ್ನು ಬೀದಿಯವರೆಲ್ಲ ಕನ್ನಡಕದಮ್ಮ ಎನ್ನುತ್ತಿದ್ದರು. ಆಕೆಯ ಕೈಯಲ್ಲಿ ಯಾವ ಕೆಲಸವೂ ಆತುರಾತುರವಾಗಿ ಆದದ್ದಿಲ್ಲ. ಗೋಡೆಯ ಗಡಿಯಾರದಲ್ಲಿ ನಾಲ್ಕೂ ನಲವತ್ತು.

"ಖಾತೆ ನಿಮ್ಮದೇ ತಾನೆ? ಆಮೇಲೆ ನನ್ನ ತಲೆಗೆ ಬರಬಾರದು ನೋಡಿ."

ಅವನ ಪಿತ್ತ ನೆತ್ತಿಗೇರಿತು. ಅಕ್ಕಪಕ್ಕದ ಇಬ್ಬರ ಸಾಕ್ಷಿಯಿಲ್ಲದೆ ಯಾರ ಮನೆಯ ಬೀಗವನ್ನೂ ತೆಗೆಯದ ತನಗೆ ಈ ಪ್ರಶ್ನೆಯೇ?

"ಖಾತೆ ತೆರೆದವನೇ ನಾನು. ಪಾಸ್‌ವರ್ಡ್ ಇಟ್ಟವನೂ ನಾನೇ. ಒಂದು ದಿನ ತಪ್ಪದೆ ನೋಡ್ತಾ ಬಂದಿದೀನಿ. ಇನ್ನೇನು ಬೇಕು ನಿಮಗೆ?"

ಕನ್ನಡಕದಮ್ಮ ಮತ್ತೆ ಕೇಳಲಿಲ್ಲ. ಪಾಸ್‌ವರ್ಡ್ ಮರೆತಿದೆ ಎಂಬಲ್ಲಿ ಒತ್ತಿದಳು. ಖಾತೆಗೆ ಕೊಟ್ಟಿದ್ದ ಫೋನಿಗೆ ಆರು ಅಂಕಿ ಹೋಗಿದೆ, ಅದನ್ನು ಹಾಕಿದರೆ ಬಾಗಿಲು ತೆರೆಯುತ್ತದೆ ಎಂದಳು. ನಂಬರಿನ ಕೊನೆ ನಲವತ್ತಾರು.

ಹೋದ ಜೀವ ಬಂದಂತಾಯಿತು. ಅದು ಮನೆಯಲ್ಲಿರುವ ಫೋನು, ಖಾತೆ ತೆರೆದಾಗ ಅದರ ನಂಬರ್ ಕೊಟ್ಟವನೂ ಇವನೇ. ಮನೆಗೆ ಫೋನ್ ಮಾಡಿದ. ಬೆರಳಿಗೆಲ್ಲ ಎಣ್ಣೆ ಮೆತ್ತಿದ್ದರಿಂದ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಹೆಂಡತಿ ಎತ್ತಿದಳು.

"ಆರು ಅಂಕಿ ಬಂದಿರುತ್ತೆ ನೋಡು. ಬೇಗ ಓದು."

"ಬಂದಿದೆ."

"ಓದೇ. ಐದಾಗ್ತಾ ಬಂತು."

ಕನ್ನಡಕದಮ್ಮ ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕಾದಳು.

"ನನ್ನ ಖಾತೆಗೆ ಬಂದ ಪತ್ರಗಳನ್ನ ಅಳಿಸಿದ್ರಿ, ಆದ್ರೆ ನೀವು ಕಳಿಸಿದ್ದೆಲ್ಲ ಬೇರೆ ಕಡೆ ಹಾಗೇ ಉಳಿದಿತ್ತು, ಭಾನುವಾರ ತಮ್ಮ ತೆಗೆದು ತೋರಿಸಿದ," ಎಂದಳು ಹೆಂಡತಿ. ಅವಳ ದನಿ ಏರಲಿಲ್ಲ. "ನನಗೆ ಕೆಲಸ ಕೊಟ್ಟ ನಾಲ್ಕು ಕಡೆಗೂ ನನ್ನ ಹೆಸರು ಹಾಕಿ, ಕೆಲಸ ಬೇಡ ಅಂತ ಬರೆದು, ಸಂಜೆ ಮನೆಗೆ ಬಂದು ನನ್ನ ಕಣ್ಣೀರು ಒರೆಸ್ತಿದ್ರಿ. ಈ ಸಲ ಪಾಸ್‌ವರ್ಡ್ ಬದಲಾಯಿಸಿ ಆಸ್ಪತ್ರೆಯವರಿಗೆ ನಾನೇ ಉತ್ತರ ಬರೆದಿದೀನಿ, ಬರ್ತೀನಿ ಅಂತ."