ಎಪ್ಪತ್ತನೆಯ ಗಂಟು

ಗೇಟಿನ ಮುಂದೆ ಎಪ್ಪತ್ತು ಗಂಟುಗಳು ಸಾಲಾಗಿ ಕುಳಿತಿದ್ದವು. ಜನ ಒಬ್ಬರೂ ಇರಲಿಲ್ಲ.

ಕಾರಿನಿಂದ ಇಳಿದ ಮಹೇಶ್ವರಿ ಅದರ ಬಾಗಿಲು ಮುಚ್ಚುವುದನ್ನೂ ಮರೆತು ನಿಂತಳು. ಮರುದಿನ ಮಂಗಳವಾರ, ಬೆಳಿಗ್ಗೆ ಒಂಬತ್ತಕ್ಕೆ, ಕೊಪ್ಪಳದ ಹೊರಗಿನ ಈ ಸಣ್ಣ ವಿಮಾನ ಮೈದಾನದಿಂದ ಅವಳ ಕಂಪನಿಯ ಮೊಟ್ಟಮೊದಲ ಕಾಶಿ ಪ್ಯಾಕೇಜ್ ವಿಮಾನ ಏಳಬೇಕಿತ್ತು. ಯಾವ ವಿಮಾನ ಯಾವ ದಿನ ಯಾವ ಊರಿಗೆ ಹಾರಬೇಕೆಂದು ಗೊತ್ತುಮಾಡುವುದು ಅವಳ ಕೆಲಸ. ಕಂಪನಿಗೆ ಇದ್ದದ್ದು ಮೂರೇ ವಿಮಾನ. ಅವುಗಳಲ್ಲೊಂದು ಪ್ರತಿ ಮಂಗಳವಾರ ಗೋವಾದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ನಿಂತಿರುತ್ತಿತ್ತು. ಅದನ್ನು ತನ್ನ ಸೀಮೆಗೆ ಕೊಡಿಸಲು ಅವಳು ಆರು ತಿಂಗಳು ಮಾಲೀಕರ ಮುಂದೆ ವಾದ ಮಾಡಿದ್ದಳು. "ಒಂದೇ ಸಲ ನೋಡೋಣ. ತಪ್ಪಿದರೆ ಆ ವಿಮಾನ ಶಿರಡಿಗೆ," ಎಂದಿದ್ದರು ಅವರು. ಎಪ್ಪತ್ತು ಸೀಟಿನಲ್ಲಿ ಅರವತ್ತೊಂಬತ್ತು ಭರ್ತಿಯಾಗಿದ್ದವು. ಉಳಿದ ಒಂದರಲ್ಲಿ ಹೋಗಬೇಕಾದವಳು ಅವಳೇ. ಮಂಗಳವಾರವೇ ವಿಮಾನ ಏಕೆ ಖಾಲಿ ಬೀಳುತ್ತದೆ ಎಂಬುದೊಂದನ್ನು ಮಾತ್ರ ಅವಳು ಯಾರನ್ನೂ ಕೇಳಿರಲಿಲ್ಲ.

"ಮನಿಗೆ ಹೋಗಿ ಚಾ ಕುಡಿದು ಬರೂದ್ರಾಗ ಹಿಂಗ ಕುಂತಿದ್ವು ನೋಡ್ರಿ ಮೇಡಂ," ಎಂದ ಕಾವಲಿನ ರಾಜಾಸಾಬ, ಇಪ್ಪತ್ತು ಮಾರು ದೂರದಿಂದಲೇ. ಕೈಯಲ್ಲಿ ಮೊಬೈಲು ಹಿಡಿದಿದ್ದ. "ವಾರಸುದಾರರಿಲ್ಲದ ಸಾಮಾನು ಕಂಡ್ರ ಠಾಣೆಕ್ಕ ಫೋನ್ ಹಚ್ಚಬೇಕಂತ ಹುಕುಂ ಐತ್ರಿ. ಹಚ್ಚಿದ್ನೆಂದ್ರ ಪೊಲೀಸ್ ನಾಯಿ ಬರ್ತಾವ, ಮೈದಾನ ಎರಡು ದಿನ ಬಂದ್. ಅದಕ್ಕ ಮೊದಲು ನಿಮಗ ಹಚ್ಚಿದೆ."

ಎರಡು ದಿನ! ಮಹೇಶ್ವರಿಯ ಕಣ್ಣ ಮುಂದೆ ವಿಮಾನ ಶಿರಡಿಯ ಕಡೆ ಮುಖ ತಿರುಗಿಸಿತು. ಅಷ್ಟರಲ್ಲಿ ಯಾತ್ರಿಕರನ್ನು ಕೂಡಿಸಿಕೊಟ್ಟ ಗಂಗಾವತಿಯ ಏಜೆಂಟ್ ವಿರುಪಣ್ಣ ಎಲೆಯಡಿಕೆ ಮೆಲ್ಲುತ್ತ ಟೆಂಪೋದಿಂದ ಇಳಿದ. ಮಗಳ ಮದುವೆ ಮುಗಿಸಿದವನ ನೆಮ್ಮದಿ ಅವನ ಮುಖದಲ್ಲಿತ್ತು.

"ಎಲ್ಲಾ ಸುರಳೀತ ಅದಾವಲ್ಲ ತಂಗಿ? ಊರೂರು ತಿರುಗಿ ನಾನೇ ತಂದು ಇಳಿಸಿ, ನಾಷ್ಟಾಕ್ಕ ಹೋಗಿದ್ದೆ."

"ಏನ್ರೀ ಇವು, ವಿರುಪಣ್ಣಾರ?"

"ಪ್ರಸ್ಥಾನ. ಮಂಗಳವಾರ ಉತ್ತರಕ್ಕ ವಾರಶೂಲಿ, ಹೋಗಬಾರದು. ಕಾಶಿ ಎಲ್ಲೈತಿ? ಉತ್ತರಕ್ಕ. ಅಳವಂಡಿಯವರು, ಕಿನ್ನಾಳದವರು, ನಿಮ್ಮೂರು ಮರಳಿಯವರು, ಎಲ್ಲಾರೂ ಸೀಟು ಬ್ಯಾಡಂತ ಕುಂತಿದ್ರು. ನಾನೇ ಹೇಳಿದೆ, ಸೋಮವಾರ ಗಂಟು ಮನಿ ಬಿಟ್ಟು ಹೊರಗ ಹಾಕ್ರಿ, ನೀವು ಸೋಮವಾರನೇ ಹೊಂಟಂಗ ಆತು. ಮಂಗಳವಾರ ಹೋಗೂದು ಬರೇ ಮೈ."

"ಅದನ್ನ ಬಾಜೂ ಮನ್ಯಾಗ ಇಡ್ತಾರಲ್ರಿ!"

"ಬಾಜೂ ಮನಿಯವರೂ ಕಾಶಿಗೇ ಹೊಂಟಾರಲ್ಲವಾ."

"ಹಂಗಾರ ಈಗಿಂದೀಗ ವಾಪಸ್ ಒಯ್ರಿ."

ವಿರುಪಣ್ಣ ಎರಡೂ ಕೆನ್ನೆ ಬಡಿದುಕೊಂಡ. "ಹೊಸ್ತಿಲ ದಾಟಿದ ಗಂಟು ತಿರುಗಿ ಮನಿಗೆ ಹ್ವಾದ್ರ ಪ್ರಯಾಣ ಮುರದಂಗ. ನಾಳೆ ನಿನ್ನ ವಿಮಾನದಾಗ ನೀ ಒಬ್ಬಾಕಿ ಕುಂತು ಹೋಗು."

ರಾಜಾಸಾಬ ಮೊಬೈಲು ನೋಡಿದ, ಗಂಟು ನೋಡಿದ. "ಇಲ್ಲಿ ಇರಂಗಿಲ್ಲ, ಊರಿಗೆ ಹೋಗಂಗಿಲ್ಲ. ರಸ್ತೆ ಆಚಿ ನಮ್ಮ ಮನಿ ಐತ್ರಿ, ಮನಿಯಾಕಿ ಕಾಸೀಮಬೀ ಅದಾಳ, ನೋಡ್ಕೋತಾಳ. ಆದ್ರ ಒಂದೊಂದಕ್ಕೂ ವಾರಸುದಾರರ ಹೆಸರು ಬೇಕು. ಒಂದಕ್ಕ ಸಿಗಲಿಲ್ಲಂದ್ರೂ ನಾ ಫೋನ್ ಹಚ್ಚಾವನೇ."

"ಭಾಳ ಛಲೋ ಆತು," ಎಂದ ವಿರುಪಣ್ಣ. "ವಾರಶೂಲಿ ಗೊತ್ತಿಲ್ಲದ ಮನಿ!"

ಪ್ರತಿ ಗಂಟಿಗೂ ವಿರುಪಣ್ಣ ಹೆಸರಿನ ಚೀಟಿ ಚುಚ್ಚಿದ್ದ. ಒಂದೊಂದೇ ಓದಿದ, ಮಹೇಶ್ವರಿ ಪಟ್ಟಿಯಲ್ಲಿ ಟಿಕ್ ಹಾಕಿದಳು, ಶೇಂಗಾ ಚಟ್ನಿ, ಕಟಕ ರೊಟ್ಟಿಯ ವಾಸನೆ ಬಿಡುತ್ತ ಗಂಟುಗಳು ರಸ್ತೆ ದಾಟಿದವು. ಅರವತ್ತೊಂಬತ್ತಕ್ಕೆ ಪಟ್ಟಿ ಮುಗಿಯಿತು. ಎಪ್ಪತ್ತನೆಯ ಗಂಟು ಬಿಸಿಲಲ್ಲಿ ಒಂಟಿಯಾಗಿ ಉಳಿಯಿತು. ಅದಕ್ಕೆ ಚೀಟಿ ಇರಲಿಲ್ಲ.

ವಿರುಪಣ್ಣನ ಬಾಯಲ್ಲಿ ಎಲೆಯಡಿಕೆ ನಿಂತಿತು. "ಇದು... ಇದು ನಾ ಏರಿಸಿದ್ದಲ್ಲ. ಮರಳ್ಯಾಗ ಗದ್ದಲದಾಗ ಯಾರೋ ಒಗದಾರ." ಹೇಳುತ್ತಲೇ ಅವನು ಟೆಂಪೋದ ಹಿಂದಕ್ಕೆ ಸರಿದ. ರಾಜಾಸಾಬ ಮೊಬೈಲಿನ ಗುಂಡಿ ಒತ್ತತೊಡಗಿದ.

"ತಡೀರಿ," ಎಂದಳು ಮಹೇಶ್ವರಿ. ಗಂಟಿನ ಹತ್ತಿರ ಹೋಗಿ ಬಗ್ಗಿ ನೋಡಿದಳು. ಮಾಸಿದ ಹಸಿರು ಸೀರೆಯ ತುಂಡು. ಎರಡು ಸುತ್ತು ಹಾಕಿ, ತುದಿಯನ್ನು ಒಳಗೆ ಸಿಕ್ಕಿಸಿ ಕಟ್ಟಿದ್ದು. ಶಾಲೆಗೆ ಹೋಗುವಾಗ ದಿನಾ ಬುತ್ತಿಗೆ ಬೀಳುತ್ತಿದ್ದ, ಹಲ್ಲು ಹಚ್ಚದೆ ಬಿಚ್ಚಲು ಬಾರದ ಕಟ್ಟು. ಅವಳು ಮರಳಿಯಲ್ಲಿದ್ದ ಅವ್ವನಿಗೆ ಫೋನ್ ಮಾಡಿದಳು.

"ಯವ್ವಾ, ಗಂಟು ಕಳಿಸೀಯೇನು?"

"ಹೂಂ," ಎಂದಳು ದುರಗಮ್ಮ. "ನಾಳೆ ನೀನೂ ಹೊಂಟೀಯಲ್ಲ."

"ವಿಮಾನಕ್ಕ ವಾರ ಇರಂಗಿಲ್ಲವ್ವಾ!"

"ವಿಮಾನಕ್ಕ ಇರಲಿಕ್ಕಿಲ್ಲ. ನನ್ನ ಮಗಳಿಗೆ ಐತಿ."

"ಹೆಸರಿನ ಚೀಟಿ ಯಾಕ ಹಚ್ಚಲಿಲ್ಲ?"

"ಯಾಕಬೇಕು? ನನ್ನ ಕೈಯಾಗಿಂದು ನಿನಗ ಗುರುತು ಹತ್ತಂಗಿಲ್ಲೇನು?"

ರಾಜಾಸಾಬ ರಿಜಿಸ್ಟರ್ ತೆರೆದು ಹತ್ತಿರ ಬಂದ. "ವಾರಸುದಾರರು ಯಾರಂತ ಬರೀಲ್ರಿ?"

ಮಹೇಶ್ವರಿ ಪೆನ್ನು ಇಸಿದುಕೊಂಡು ತನ್ನ ಹೆಸರನ್ನು ತಾನೇ ಬರೆದಳು. ಗಂಟನ್ನು ಎತ್ತಿ ಬಗಲಲ್ಲಿ ಇಟ್ಟುಕೊಂಡಳು. ಬಾಗಿಲು ತೆರೆದೇ ಇದ್ದ ಕಾರು ಐದು ಹೆಜ್ಜೆ ದೂರದಲ್ಲಿತ್ತು. ಅವಳು ಒಮ್ಮೆ ಅದರತ್ತ ನೋಡಿದಳು. ಅದರಲ್ಲಿಟ್ಟರೆ ಗಂಟು ಸಂಜೆ ತಿರುಗಿ ಮನೆಗೇ ಹೋಗುತ್ತಿತ್ತು. ಎರಡೂ ಕಡೆ ಲಾರಿ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ರಸ್ತೆ ದಾಟಿ ಕಾಸೀಮಬೀಯ ಮನೆಯ ಕದ ತಟ್ಟಿದಳು.