ಅಣ್ಣನ ಪಿಂಚಣಿ

ಅಣ್ಣ ಯುದ್ಧದಲ್ಲಿ ಸತ್ತ ಮರುವರ್ಷ ಹಿರಿಯರು ಅತ್ತಿಗೆಯನ್ನು ತಮ್ಮನಿಗೇ ಮದುವೆ ಮಾಡಿದರು. ಮೈದುನನನ್ನು ಮಾಡಿಕೊಂಡರೆ ಪಿಂಚಣಿ ನಿಲ್ಲುವುದಿಲ್ಲ ಎಂದು ಅವರು ಆಡಿದ ಮಾತು ತಮ್ಮನ ಕಿವಿಗೂ ಬಿತ್ತು. ಮದುವೆಯ ದಿನವೇ ಅವಳಿಗೆ ಹೇಳಿಬಿಟ್ಟ: "ಅಣ್ಣನ ರೊಕ್ಕ ನಿಂದು. ಅದರ ಸುದ್ದಿ ನನ್ನ ಮುಂದ ತಗೀಬ್ಯಾಡ."

ಅವಳು ತೆಗೆಯಲಿಲ್ಲ.

ಐವತ್ತು ವರ್ಷ ಸಂಸಾರ ಮಾಡಿದರೂ, ಗೋಡೆಯ ಮೇಲೆ ಸಮವಸ್ತ್ರದಲ್ಲಿ ನಗುತ್ತಿದ್ದ ಅಣ್ಣನನ್ನು ಕಂಡರೆ ಅವನ ಹೊಟ್ಟೆ ಉರಿಯುತ್ತಿತ್ತು. ಅವಳು ಆ ಪಟ ಒರೆಸಿದ ದಿನ ಊಟ ಬಿಟ್ಟು ಏಳುತ್ತಿದ್ದ. ಈಗ ಅವಳೂ ಹೋಗಿ ವರ್ಷವಾಗಿತ್ತು. ಉರಿ ಮಾತ್ರ ಆರಿರಲಿಲ್ಲ.

ಮನೆತನದ ಚರಿತ್ರೆ ಬರೆಯಲು ಹೊರಟ ಮೊಮ್ಮಗಳು ಹಳೆಯ ಪಿಂಚಣಿ ಕಡತದ ನಕಲು ತರಿಸಿದಳು.

"ಅಜ್ಜಾ, ನಿಮ್ಮಿಬ್ಬರ ಲಗ್ನಾದ ಮ್ಯಾಲ ಆಯಿ ಪಿಂಚಣಿ ತಗೊಂಡೇ ಇಲ್ಲ."

"ಸುಳ್ಳ! ಅದು ನಿಲ್ಲಬಾರದಂತನ ಅಕಿನ್ನ ನನಗ ಕಟ್ಟಿದ್ರು."

"ಸರಕಾರದವರು ನಿಲ್ಲಿಸಿಲ್ಲಜ್ಜಾ. ಪ್ರತಿ ವರ್ಷ ಒಂದು ಫಾರ್ಮಿನ್ಯಾಗ 'ಸಿಪಾಯಿಯ ವಿಧವೆ' ಅಂತ ಸಹಿ ಮಾಡಬೇಕಿತ್ತು. ಆಯಿ ಮಾಡಿಲ್ಲ. ಯಾಕಂತ ಆಫೀಸಿನವರು ಪತ್ರ ಬರದು ಕೇಳ್ಯಾರ."

ಮುದುಕ ಪಟದ ಕಡೆ ಕೆಕ್ಕರಿಸಿ ನೋಡಿದ. "ಏನಂತ ಬರದಾಳ? ಅಂವನ ನೆನಪಾಗಿ ಸಂಕಟ ಆಕ್ಕೈತಿ ಅಂತೇನು?"

ಮೊಮ್ಮಗಳು ಕೊನೆಯ ಹಾಳೆ ತಿರುವಿ, ಆಯಿಯ ಸೊಟ್ಟ ಅಕ್ಷರಗಳನ್ನು ಓದಿದಳು: "ನನ್ನ ಗಂಡ ಜೀವಂತ ಅದಾರ. ವಿಧವೆ ಅಂತ ನಾ ಸಹಿ ಮಾಡೂದಿಲ್ಲ."